ರಾಸುಗಳ ಕ್ಷಯರೋಗ: ಮೈಯೊಳಗಿನ ಕಾವಲು ಕಣಗಳು ಮಾಡುವ ಕೆಲಸ

ಮೈಸೂರಿನ ದಟ್ಟಗಳ್ಳಿಯು ಹಿಂದೆ ಹಳ್ಳಿಯಾಗಿದ್ದು ಈಗ ನಗರದ ಬಡಾವಣೆಗಳೊಳಗೆ ಸೇರಿಹೋಗಿರುವುದು. ಇಂತಹ ಊರುಗಳಲ್ಲಿ ಮೇವಿನ ಬಯಲು ಕುಗ್ಗಿದಂತೆಲ್ಲಾ ರಾಸುಗಳು ದಿನದ ಬಹುಭಾಗವನ್ನು ಇಕ್ಕಟ್ಟಾದ ಕೊಟ್ಟಿಗೆಯಲ್ಲಿ, ಒಂದರ ಉಸಿರು ಇನ್ನೊಂದಕ್ಕೆ ತಾಗುವಂತೆ ನಿಂತು ಕಳೆಯಬೇಕಾಗುವುದು. ಕ್ಷಯರೋಗವು ಹರಡಲು ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಇದೇ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಸ್ಮರಣಾರ್ಥವಾಗಿ ಕ್ಷಯರೋಗಿಗಳಿಗೆ ಆರೋಗ್ಯಧಾಮವನ್ನು ಕಟ್ಟಿಸಿದರು. ಮನುಷ್ಯರ ಕ್ಷಯವನ್ನು ಎಲ್ಲರೂ ಬಲ್ಲರು. ರಾಸುಗಳ ಕ್ಷಯವನ್ನು ಬಲ್ಲವರು ಕಡಮೆ. ೨೦೧೮ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ಭಾರತದಲ್ಲಿ ನೂರಕ್ಕೆ ಸುಮಾರು ೭ ರಾಸುಗಳಿಗೆ, ಅಂದರೆ ೨ ಕೋಟಿಗೂ ಮೇಲ್ಪಟ್ಟ ರಾಸುಗಳಿಗೆ, ಈ ಸೋಂಕು ಇರಬಹುದು.

ಕ್ಷಯದ ಸೂಕ್ಷ್ಮಾಣುವನ್ನು ೧೮೮೨ರಲ್ಲಿ ರಾಬರ್ಟ್ ಕಾಕ್ ಎಂಬ ಜರ್ಮನಿಯ ಪಂಡಿತನು ಕಂಡುಹಿಡಿದನು. ರಾಸುಗಳಲ್ಲಿ ರೋಗ ತರುವುದು ಮುಖ್ಯವಾಗಿ ಅದರ ದಾಯಾದಿಯಾದ ಮೈಕೊಬ್ಯಾಕ್ಟೀರಿಯಂ ಬೋವಿಸ್. ಇದು ಬಹುಮಟ್ಟಿಗೆ ಉಸಿರಿನ ಮೂಲಕ ಒಳಹೊಕ್ಕು ಪುಪ್ಪುಸದ ಗಾಳಿಗೂಡುಗಳನ್ನು ಸೇರುವುದು. ಅಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳು ಕಾವಲಿರುತ್ತವೆ. ಬೇರೆ ಸೂಕ್ಷ್ಮಾಣುವಾಗಿದ್ದರೆ ಭಕ್ಷಕ ಕಣವು ಅದನ್ನು ನುಂಗಿ, ತನ್ನೊಳಗಿನ ಆಮ್ಲರಸಗಳ ಚೀಲದೊಡನೆ ಕೂಡಿಸಿ, ಕರಗಿಸಿಬಿಡುವುದು. ಕ್ಷಯದ ಸೂಕ್ಷ್ಮಾಣುವಾದರೋ ಮೇಣದಂತಹ ಕವಚವುಳ್ಳದ್ದು. ಆ ಚೀಲವು ಕೂಡದಂತೆ ತಡೆದು, ನುಂಗಿದ ಕಣದೊಳಗೇ ಉಳಿದು ವೃದ್ಧಿಯಾಗುವುದು. ತಳವಾರನು ಹಿಡಿದು ತಂದ ಕಳ್ಳನು ಚಾವಡಿಯಲ್ಲಿಯೇ ಸಂಸಾರ ಹೂಡಿದಂತೆ.

ಆದರೂ ದೇಹವು ಸುಮ್ಮನಿರುವುದಿಲ್ಲ. ಡೆಂಡ್ರೈಟಿಕ್ ಕಣಗಳೆಂಬ ಬೇರೊಂದು ಜಾತಿಯ ಕಣಗಳು ಸೂಕ್ಷ್ಮಾಣುವಿನ ಗುರುತನ್ನು ಹೊತ್ತು ಹತ್ತಿರದ ಲಿಂಫ್ ಗ್ರಂಥಿಗೆ ಹೋಗಿ ಅಲ್ಲಿರುವ ಟಿ ಕಣಗಳಿಗೆ ತೋರಿಸುವುವು. ಗುರುತು ಹಿಡಿದ ಟಿ ಕಣಗಳು ಕೆಲವು ವಾರಗಳಲ್ಲಿ ಹೆಚ್ಚಿ, ರೋಗವಿರುವ ಕಡೆಗೆ ಬಂದು, ಇಂಟರ್‌ಫೆರಾನ್ ಗಾಮಾ ಎಂಬ ರಸವನ್ನು ಸ್ರವಿಸುವುವು. ಈ ರಸದ ಪ್ರಚೋದನೆಯಿಂದ ಭಕ್ಷಕ ಕಣಗಳಿಗೆ, ಅದುವರೆಗೆ ಇಲ್ಲದಿದ್ದ ಕೊಲ್ಲುವ ಶಕ್ತಿಯು ಬರುವುದು. ರಾಸುಗಳಲ್ಲಿ ಒಂದು ವಿಶೇಷವುಂಟು: ಗಾಮಾ ಡೆಲ್ಟಾ ಎಂಬ ಬಗೆಯ ಟಿ ಕಣಗಳು ಮನುಷ್ಯರಲ್ಲಿ ವಿರಳ, ಕರುಗಳ ರಕ್ತದಲ್ಲಿ ಹೇರಳ. ಇವು ಸೋಂಕಿನ ಮೊದಲ ದಿನಗಳಲ್ಲಿಯೇ ರೋಗದ ಸ್ಥಳಕ್ಕೆ ಬರುತ್ತವೆ.

ಪೂರ್ತಿ ಕೊಲ್ಲಲಾಗದಿದ್ದರೆ ಕಣಗಳೆಲ್ಲಾ ಸೇರಿ ಸೂಕ್ಷ್ಮಾಣುಗಳ ಸುತ್ತಲೂ ಕೋಟೆ ಕಟ್ಟುವುವು. ಇದೇ ಕ್ಷಯದ ಗಂಟು. ಅದರ ನಡುವೆ ಗಿಣ್ಣಿನಂತಹ ಹಳದಿ ಪದಾರ್ಥವಿದ್ದು, ಕಾಲಕ್ರಮದಲ್ಲಿ ಸುಣ್ಣಗಟ್ಟುವುದುಂಟು. ಕೋಟೆ ಗಟ್ಟಿಯಾಗಿರುವವರೆಗೆ ಹಸುವು ಮೇಯುವುದು, ಹಾಲು ಕೊಡುವುದು, ನೋಡಲು ಲಕ್ಷಣವಾಗಿಯೂ ಇರುವುದು. ಪೋಷಣೆ ಕುಂದಿದಾಗಲಾಗಲಿ ಮುಪ್ಪಿನಲ್ಲಾಗಲಿ ಕೋಟೆ ಒಡೆದರೆ ಉಸಿರು, ಸಗಣಿ, ಹಾಲುಗಳಲ್ಲಿ ಸೂಕ್ಷ್ಮಾಣುಗಳು ಹೊರಬರುವುವು.

ಚರ್ಮಪರೀಕ್ಷೆಗೆ ಆಧಾರವು ಟಿ ಕಣಗಳ ಈ ನೆನಪೇ ಆಗಿದೆ. ಸತ್ತ ಸೂಕ್ಷ್ಮಾಣುಗಳಿಂದ ತೆಗೆದ ಟ್ಯುಬರ್ಕ್ಯುಲಿನ್ ಎಂಬ ಸಾರವನ್ನು ಪಶುವೈದ್ಯರು ಕತ್ತಿನ ಚರ್ಮದೊಳಗೆ ಚುಚ್ಚುವರು. ಹಿಂದೆ ಸೋಂಕನ್ನು ಕಂಡಿದ್ದ ಟಿ ಕಣಗಳು ಅಲ್ಲಿಗೆ ಕೂಡುವುದರಿಂದ ಚರ್ಮವು ಊದಿಕೊಳ್ಳುವುದು. ೭೨ ಗಂಟೆಗಳಾದ ಮೇಲೆ ಅಳೆದಾಗ ದಪ್ಪವು ೪ ಮಿಲಿಮೀಟರು ಅಥವಾ ಹೆಚ್ಚು ಏರಿದ್ದರೆ ಸೋಂಕಿದೆಯೆಂದು ಎಣಿಸುವರು. ಇಲ್ಲಿಯೇ ಅನೇಕರು ಮೋಸಹೋಗುವುದು. ರೋಗವು ಬಹಳ ಮುಂದುವರಿದ ರಾಸಿನಲ್ಲಿ ಟಿ ಕಣಗಳ ಶಕ್ತಿಯು ಕುಗ್ಗಿ ಚರ್ಮವು ಊದದೆ ಹೋಗಬಹುದು. ಬಡಕಲಾಗಿ ಕೆಮ್ಮುವ ಹಸುವು ಪರೀಕ್ಷೆಯಲ್ಲಿ ನಿರೋಗಿಯೆಂದು ಬಂದರೆ ಒಡೆಯನು ಸಂತೋಷಪಡುವನು. ಕೊಟ್ಟಿಗೆಯಲ್ಲೆಲ್ಲಾ ಅತ್ಯಪಾಯಕಾರಿಯಾದುದು ಅದೇ ಆಗಿರಬಹುದು. ಈಚೆಗೆ ಕರು ಹಾಕಿದ ಹಸುವಿನಲ್ಲಿಯೂ ಕೆಲವು ವಾರ ಊತವು ಸರಿಯಾಗಿ ತೋರದು. ಇವೆರಡನ್ನೂ ಪಶುವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ತಳಿಯೂ ಲೆಕ್ಕಕ್ಕೆ ಬರುವುದು. ಇಥಿಯೋಪಿಯಾದಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಹೋಲ್‌ಸ್ಟೀನ್ ರಾಸುಗಳಲ್ಲಿ ಕ್ಷಯವು ಭುಜವುಳ್ಳ ನಾಟಿ ರಾಸುಗಳಿಗಿಂತ ಹೆಚ್ಚಾಗಿಯೂ ತೀವ್ರವಾಗಿಯೂ ಕಂಡಿತು. ನಮ್ಮ ಹಳ್ಳಿಕಾರ್, ಅಮೃತಮಹಲ್ ರಾಸುಗಳೂ ಭುಜವುಳ್ಳವೇ. ಆದರೆ ಅವಕ್ಕೆ ಕ್ಷಯವೇ ಬಾರದೆಂದು ನಂಬಕೂಡದು.

ಮಕ್ಕಳಿಗೆ ಹಾಕುವ ಬಿ.ಸಿ.ಜಿ. ಚುಚ್ಚುಮದ್ದು ಹುಟ್ಟಿದ್ದೇ ರಾಸಿನ ಕ್ಷಯದ ಸೂಕ್ಷ್ಮಾಣುವಿನಿಂದ. ಕಾಲ್ಮೆಟ್ ಮತ್ತು ಗೆರಾಂ ಎಂಬ ಫ್ರೆಂಚ್ ಪಂಡಿತರು ಅದನ್ನು ೧೩ ವರ್ಷ ಬೆಳೆಸಿ ಬೆಳೆಸಿ ಸಾಧುಮಾಡಿ, ೧೯೨೧ರಲ್ಲಿ ಮೊದಲು ಶಿಶುವಿಗೆ ಕೊಡಿಸಿದರು. ೨೦೨೪ರಲ್ಲಿ ಪ್ರಕಟವಾದ ಇಥಿಯೋಪಿಯಾದ ಪ್ರಯೋಗದಲ್ಲಿ ಇದನ್ನು ಕರುಗಳಿಗೆ ಹಾಕಿದಾಗ ರೋಗದ ಹರಡುವಿಕೆಯು ನೂರಕ್ಕೆ ಸುಮಾರು ೯೦ರಷ್ಟು ತಗ್ಗಿತು. ತೊಡಕೆಂದರೆ, ಮದ್ದು ಹಾಕಿದ ಕರುವೂ ಸಾಮಾನ್ಯ ಚರ್ಮಪರೀಕ್ಷೆಯಲ್ಲಿ ಊದಿಕೊಳ್ಳಬಹುದು. ಬೇರ್ಪಡಿಸಿ ತಿಳಿಯಲು ಹೊಸ ಬಗೆಯ ಪರೀಕ್ಷೆಗಳು ಬೇಕು.

ಸೋಂಕಿರುವ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದು ನೆರೆಯೂರಿಗೆ ರೋಗವನ್ನು ಮಾರಿದಂತೆ. ಊರಿನ ಮುಖಂಡರು ಇದಕ್ಕೆ ಆಸ್ಪದ ಕೊಡಬಾರದು. ಅದನ್ನು ಬೇರೆ ಚಪ್ಪರದಲ್ಲಿ ಕಟ್ಟಿ, ನೀರಿನ ತೊಟ್ಟಿಯನ್ನೂ ಬಾನಿಯನ್ನೂ ಬೇರೆ ಇಡತಕ್ಕದ್ದು. ಕೊಟ್ಟಿಗೆಗೆ ಗಾಳಿ ಬೆಳಕು ಧಾರಾಳವಾಗಿರಲಿ. ಮನುಷ್ಯರ ಕ್ಷಯದ ಮಾತ್ರೆಗಳನ್ನು ಹಸುವಿಗೆ ತಿನ್ನಿಸಕೂಡದು. ಅವುಗಳಲ್ಲಿ ಪೈರಜಿನಮೈಡ್ ಎಂಬುದಕ್ಕೆ ಬೋವಿಸ್ ಸೂಕ್ಷ್ಮಾಣುವು ಸ್ವಭಾವತಃ ಜಗ್ಗದು, ಮಿಕ್ಕವುಗಳಿಗೂ ಜಗ್ಗದಂತಾಗುವ ಭಯವುಂಟು. ಯಾವ ಹಸುವಿನ ಹಾಲನ್ನೇ ಆಗಲಿ ಚೆನ್ನಾಗಿ ಉಕ್ಕುವವರೆಗೆ ಕಾಯಿಸಿಯೇ ಕುಡಿಯತಕ್ಕದ್ದು. ಸೋಂಕಿರುವ ತಾಯಿಯ ಹಸಿಹಾಲನ್ನು ಕರುವಿಗೂ ಬಿಡಕೂಡದು. ಪರೀಕ್ಷೆಯನ್ನು ಪುನಃ ಮಾಡಿಸಬೇಕಾದರೆ ೪೨ ದಿನಗಳಾದರೂ ಕಳೆದಿರಬೇಕು. ಅದಕ್ಕೆ ಮುಂಚೆ ಚುಚ್ಚಿದರೆ ಚರ್ಮವು ಸರಿಯಾಗಿ ಉತ್ತರ ಕೊಡದು.