ತೊಟ್ಟಿಯೊಳಗಿನ ಕಡಲು

ವೈಜ್ಞಾನಿಕ ಕಲ್ಪನಾಚಿತ್ರ ‘ದಿ ಅಬಿಸ್’ 1989ರಲ್ಲಿ ತೆರೆಕಂಡಿತು. ಅದರ ಕಡಲಾಳವನ್ನು ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಸೃಷ್ಟಿಸಿದ್ದು ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ, ಅರ್ಧಕ್ಕೆ ನಿಂತಿದ್ದ ಅಣುವಿದ್ಯುತ್ ಸ್ಥಾವರದೊಳಗೆ ಸುಮಾರು 2.8 ಕೋಟಿ ಲೀಟರ್ ನೀರು ತುಂಬಿಸಿ. ಆಳದ ಕತ್ತಲೆಗಾಗಿ ನೀರಿನ ಮೇಲೆ ಕರಿಯ ಪ್ಲಾಸ್ಟಿಕ್ ಮಣಿಗಳನ್ನು ತೇಲಿಬಿಟ್ಟರು. ಮುಖಭಾವ ಕಾಣಲೆಂದು ನಟರ ಶಿರಸ್ತ್ರಾಣದೊಳಗೇ ದೀಪಗಳನ್ನಿಟ್ಟರು.

ಆಮ್ಲಜನಕ ತುಂಬಿದ ದ್ರವದಲ್ಲಿ ಇಲಿ ಉಸಿರಾಡುವ ದೃಶ್ಯವಂತೂ ತಂತ್ರವೇ ಅಲ್ಲ. ಇಲಿಯನ್ನು ನಿಜವಾಗಿಯೇ ಅದರಲ್ಲಿ ಮುಳುಗಿಸಲಾಗಿತ್ತು. ಪ್ರಾಣಿಹಿಂಸೆಯೆಂದು ಬ್ರಿಟನ್ನಿನಲ್ಲಿ ಆ ಭಾಗವನ್ನು ಕತ್ತರಿಸಿದರು. ‘ನೈಜತೆ’ ಎಂಬ ಪದವನ್ನು ಬೋಧಿಸುವ ಶಿಕ್ಷಕರು ಇಲ್ಲಿ ತುಸು ನಿಲ್ಲುವುದು ಲೇಸು. ನಟ ತಾನಾಗಿ ಒಪ್ಪಿ ನೀರಿಗಿಳಿಯುತ್ತಾನೆ. ಇಲಿಗೆ ಆ ಆಯ್ಕೆಯಿರಲಿಲ್ಲ. ದೃಶ್ಯವನ್ನು ಉಳಿಸಬೇಕಿತ್ತೇ, ತೆಗೆಯಬೇಕಿತ್ತೇ ಎಂಬುದನ್ನು ಮಕ್ಕಳು ಕಾರಣಸಹಿತವಾಗಿ ಬರೆಯಲಿ.