ಎಂ.ಬಿ.ಎ.: ವಿದ್ಯಾರ್ಥಿಯ ಬಯಕೆ ಮತ್ತು ಮನೆತನದ ಉದ್ಯಮ

ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಮನೆಗಳಲ್ಲಿ ಮಕ್ಕಳ ಪದವಿ ಮುಗಿದೊಡನೆ ಎಂ.ಬಿ.ಎ. ವಿಚಾರ ಪ್ರಸ್ತಾಪವಾಗುವುದು ಸಾಮಾನ್ಯ. ಯಾವ ಕಾಲೇಜು, ಎಷ್ಟು ಶುಲ್ಕ ಎಂಬ ವಿಚಾರಣೆಯೂ ಕೂಡಲೇ ಆರಂಭವಾಗುತ್ತದೆ. ಆದರೆ ಆ ಪದವಿಯಿಂದ ವಿದ್ಯಾರ್ಥಿಗೆ ಬೇಕಾಗಿರುವುದೇನು ಎಂಬ ಮೊದಲ ಪ್ರಶ್ನೆಯನ್ನು ಕೇಳುವವರು ವಿರಳ.

ನಾಲ್ಕು ಬಗೆಯ ಉದ್ದೇಶಗಳು

ನಿರ್ವಹಣಾ ಶಿಕ್ಷಣವನ್ನು ಬಯಸುವವರ ಉದ್ದೇಶಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

1. ಉತ್ತಮ ವೇತನದ ಮೊದಲ ಉದ್ಯೋಗ.
2. ಇರುವ ವೃತ್ತಿಯಲ್ಲಿ ಬಡ್ತಿ.
3. ಒಂದು ಕ್ಷೇತ್ರದಿಂದ ಮತ್ತೊಂದಕ್ಕೆ ಬದಲಾವಣೆ. ಉದಾಹರಣೆಗೆ, ಇಂಜಿನಿಯರೊಬ್ಬರು ಹಣಕಾಸು ಕ್ಷೇತ್ರಕ್ಕೆ ಹೋಗುವುದು.
4. ಸ್ವಂತ ಅಥವಾ ಮನೆತನದ ಉದ್ಯಮದ ನಿರ್ವಹಣೆ.

ಮೊದಲ ಮೂರು ಉದ್ದೇಶಗಳಿಗೆ ಸಂಸ್ಥೆಯ ಹೆಸರು ಮತ್ತು ಕ್ಯಾಂಪಸ್ ಸಂದರ್ಶನಗಳೇ ಪ್ರಧಾನ. ನಾಲ್ಕನೆಯದಕ್ಕೆ ಬೇಕಾದುದು ಬೇರೆ: ಉತ್ಪಾದನಾ ವೆಚ್ಚದ ಲೆಕ್ಕ, ದುಡಿಯುವ ಬಂಡವಾಳ, ಉದ್ರಿ ವಸೂಲಿ, ಮಾರುಕಟ್ಟೆಯ ವಿಸ್ತರಣೆ ಹಾಗೂ ಹಿರಿಯರಿಂದ ಕಿರಿಯರಿಗೆ ಹೊಣೆಯ ಕ್ರಮಬದ್ಧ ಹಸ್ತಾಂತರ.

ಉದ್ದೇಶಕ್ಕೆ ತಕ್ಕ ಶಿಕ್ಷಣಕ್ರಮ

1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಐ.ಐ.ಎಂ. ಸಂಸ್ಥೆಯ ಮುಖ್ಯ ಶಿಕ್ಷಣಕ್ರಮದ ಅವಧಿ ಎರಡು ವರ್ಷ. ಹೈದರಾಬಾದಿನಲ್ಲಿ 2001ರಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್, ಅನುಭವವುಳ್ಳವರಿಗೆ ಒಂದು ವರ್ಷದ ಶಿಕ್ಷಣಕ್ರಮವನ್ನು ಜನಪ್ರಿಯಗೊಳಿಸಿತು. ಮುಂಬಯಿಯ ಎಸ್.ಪಿ. ಜೈನ್ ಸಂಸ್ಥೆಯು ಮನೆತನದ ಉದ್ಯಮಗಳ ಕಿರಿಯ ಪೀಳಿಗೆಗೆಂದೇ ಪ್ರತ್ಯೇಕ ಶಿಕ್ಷಣಕ್ರಮವನ್ನು ರೂಪಿಸಿದೆ. ತಿಂಗಳಲ್ಲಿ ಕೆಲವು ದಿನ ತರಗತಿ, ಉಳಿದ ದಿನಗಳಲ್ಲಿ ಸ್ವಂತ ಉದ್ಯಮದಲ್ಲಿ ಅದರ ಪ್ರಯೋಗ ಎಂಬುದು ಇದರ ಕ್ರಮ. ಬೆಂಗಳೂರಿನ ಐ.ಐ.ಎಂ. ಕೂಡ ಉದ್ಯಮಿಗಳಿಗೆ ಅಲ್ಪಾವಧಿಯ ತರಬೇತಿಗಳನ್ನು ನಡೆಸುತ್ತದೆ.

ಲೆಕ್ಕದ ಮಾತು

ಎರಡು ವರ್ಷದ ಶಿಕ್ಷಣಕ್ಕೆ ಶುಲ್ಕವೊಂದೇ ವೆಚ್ಚವಲ್ಲ. ತಂದೆಯ ಕಾರ್ಖಾನೆಯಲ್ಲಿ ಮಗಳು ತಿಂಗಳಿಗೆ 40,000 ರೂ. ಮೌಲ್ಯದ ಕೆಲಸ ಮಾಡುತ್ತಿದ್ದಾಳೆಂದು ಭಾವಿಸೋಣ. ಆಕೆ ಎರಡು ವರ್ಷ ಹೊರಗಿದ್ದರೆ ಅದರಿಂದಲೇ 9.6 ಲಕ್ಷ ರೂ. ನಷ್ಟ. ಶುಲ್ಕ 20 ಲಕ್ಷವಾದರೆ ಒಟ್ಟು ಹೊರೆ 29.6 ಲಕ್ಷ ರೂ.

ಈ ಶುಲ್ಕವನ್ನು ಸಾಲದಿಂದ ಭರಿಸಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಪದವಿಯ ಬಳಿಕ ಮಾಸಿಕ ಕಂತು ಆರಂಭವಾಗುತ್ತದೆ. ಸಣ್ಣ ಉದ್ದಿಮೆಯ ಆದಾಯ ಅದನ್ನು ತಾಳದಿದ್ದಲ್ಲಿ, ಮರಳಿ ಬರುವ ಮನಸ್ಸಿದ್ದರೂ ಆಕೆ ದೂರದ ನಗರದ ಉದ್ಯೋಗವನ್ನೇ ಒಪ್ಪಿಕೊಳ್ಳಬೇಕಾಗುತ್ತದೆ. ಮಕ್ಕಳು ಅಂಗಡಿಗೆ ಮರಳಲಿಲ್ಲವೆಂದು ಕೊರಗುವ ಹಿರಿಯರು ಈ ಅಂಶವನ್ನು ಮೊದಲೇ ಗಮನಿಸುವುದು ಲೇಸು.

ಪ್ರವೇಶಕ್ಕೆ ಮುನ್ನ

ಅರ್ಜಿ ತುಂಬುವ ಮೊದಲು ಹಿರಿಯರು ಮತ್ತು ಮಕ್ಕಳು ಒಟ್ಟಿಗೆ ಕುಳಿತು ಮೂರು ವಿಷಯಗಳನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಪದವಿಯ ನಂತರ ಉದ್ಯೋಗವೋ, ಉದ್ಯಮವೋ? ಉದ್ಯಮವಾದಲ್ಲಿ ಯಾವ ವಿಭಾಗದ ಪೂರ್ಣ ಹೊಣೆಯನ್ನು ಅವರಿಗೆ ವಹಿಸಲಾಗುವುದು? ಸಾಲದ ಕಂತನ್ನು ಯಾರು ಕಟ್ಟುವರು?

ಮಕ್ಕಳು ಉದ್ಯೋಗವನ್ನೇ ಬಯಸಿದರೆ ಅದು ತಪ್ಪಲ್ಲ. ಹಿರಿಯರು ಉದ್ಯಮದ ಮುಂದಿನ ವ್ಯವಸ್ಥೆಯನ್ನು ಸಕಾಲದಲ್ಲಿ ಯೋಚಿಸಲು ಅವಕಾಶ ದೊರೆಯುತ್ತದೆ. ಉದ್ಯಮವನ್ನು ಬಯಸಿದರೆ, ಕಲಿತದ್ದನ್ನು ಬಳಸುವ ಅಧಿಕಾರವನ್ನೂ ಅವರಿಗೆ ಕೊಡಬೇಕು.