ಲಾಭ ಬೇರೆ, ಗಲ್ಲಾ ಬೇರೆ
(ಮೊದಲ ವರ್ಷದ ವಾಣಿಜ್ಯ ವಿದ್ಯಾರ್ಥಿಗಳಿಗಾಗಿ)

ಕವಿತೆ, ಕತೆ, ಹರಟೆಗಳ ನಡುವೆ ಇದೆಂಥ ಲೆಕ್ಕದ ಪಾಠ ಎಂದು ಕಲಾ ವಿಭಾಗದ ಗೆಳೆಯರು ಮೂಗು ಮುರಿಯಬಹುದು. ಮುರಿಯಲಿ. ಆದರೂ ಓದಲಿ ಎಂದು ನನ್ನ ಕೋರಿಕೆ. ಮುಂಬಯಿಯಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಹೋಟೆಲು, ಕ್ಯಾಂಟೀನು, ಡಬ್ಬಿ ಊಟ, ಕಿರಾಣಿ ಅಂಗಡಿ, ಇವುಗಳಲ್ಲಿ ಒಂದಿಲ್ಲೊಂದು ವ್ಯವಹಾರದ ನಂಟು ಇಲ್ಲದ ಮನೆ ಕಡಿಮೆ. ಕವಿಯಾದರೂ ತಿಂಗಳ ಕೊನೆಗೆ ಲೆಕ್ಕ ನೋಡಲೇಬೇಕು.

ನಾನು ಬಿ.ಕಾಂ. ಮೂರನೆಯ ವರ್ಷದವನು. ಮೊದಲ ವರ್ಷದವರು ಸಂಘದ ಕೋಣೆಗೆ ಬಂದು ನನ್ನನ್ನು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂಬುದು ಒಂದು. ಲಾಭ ಬಂದಿದೆ ಅಂತ ಲೆಕ್ಕ ಹೇಳುತ್ತದೆ, ಹಾಗಾದರೆ ದುಡ್ಡು ಎಲ್ಲಿ ಹೋಯಿತು ಎಂಬುದು ಇನ್ನೊಂದು. ಮೊದಲನೆಯದು ತಿಳಿಯದಿದ್ದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಎರಡನೆಯದು ತಿಳಿಯದಿದ್ದರೆ ಅಂಗಡಿಯೇ ಹೋಗುತ್ತದೆ. ಆದ್ದರಿಂದ ಮೊದಲನೆಯದನ್ನು ಬೇಗ ಮುಗಿಸಿ, ಎರಡನೆಯದರಲ್ಲಿ ಸ್ವಲ್ಪ ಹೊತ್ತು ಕೂರೋಣ.

1. ಪುಸ್ತಕ ಯಾರದು?

ನಗದು ಒಳಗೆ ಬಂದರೆ ಡೆಬಿಟ್ ಎಂದು ತರಗತಿಯಲ್ಲಿ ಕಲಿಸುತ್ತಾರೆ. ಬ್ಯಾಂಕಿನಲ್ಲಿ ದುಡ್ಡು ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದು ಬರುತ್ತದೆ, ಫೋನಿಗೂ ಹಾಗೆಯೇ ಸಂದೇಶ ಬರುತ್ತದೆ. "ಅಣ್ಣ, ಮೇಷ್ಟ್ರು ಸರಿಯೋ, ಬ್ಯಾಂಕಿನವರು ಸರಿಯೋ?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ಇಬ್ಬರೂ ಸರಿ. ಪಾಸ್‌ಬುಕ್ಕು ನಮ್ಮ ಜೇಬಿನಲ್ಲಿದ್ದರೂ ಅದು ನಮ್ಮ ಲೆಕ್ಕವಲ್ಲ. ಬ್ಯಾಂಕಿನ ಪುಸ್ತಕದಲ್ಲಿರುವ ನಮ್ಮ ಖಾತೆಯ ನಕಲು. ನಾವು ಕಟ್ಟಿದ ಹಣ ನಮಗೆ ಆಸ್ತಿ, ಬ್ಯಾಂಕಿಗೆ ಸಾಲ. ಕೇಳಿದಾಗ ಅದು ನಮಗೆ ಹಿಂದಿರುಗಿಸಬೇಕು. ಅದಕ್ಕೇ ಅವರು ಕ್ರೆಡಿಟ್ ಬರೆಯುತ್ತಾರೆ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಕಟ್ಟಿದವರಿಗೆ ಅದು ಉಳಿತಾಯ. ಬ್ಯಾಂಕಿನ ಪುಸ್ತಕದಲ್ಲಿ ಆ ಒಂದೊಂದು ಎರಡಾಣೆಯೂ ಹೊಣೆ. ಘಟನೆ ಒಂದೇ, ಪುಸ್ತಕ ಎರಡು. ಲೆಕ್ಕಕ್ಕೆ ಕೂತಾಗಲೆಲ್ಲ "ಇದು ಯಾರ ಪುಸ್ತಕ?" ಎಂದು ಮೊದಲು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಉಳಿದರ್ಧಕ್ಕೆ ಒಂದು ಸಮೀಕರಣ ಸಾಕು:

ಆಸ್ತಿ = ಹೊಣೆ + ಬಂಡವಾಳ

ಎಡಗಡೆಯದು ಹೆಚ್ಚಾದರೆ ಡೆಬಿಟ್, ಬಲಗಡೆಯದು ಹೆಚ್ಚಾದರೆ ಕ್ರೆಡಿಟ್. ಕಡಿಮೆಯಾದರೆ ತಿರುಗುಮುರುಗು. ಖರ್ಚು ಬಂಡವಾಳವನ್ನು ತಿನ್ನುತ್ತದೆ, ಆದ್ದರಿಂದ ಡೆಬಿಟ್. ಆದಾಯ ಬಂಡವಾಳವನ್ನು ಬೆಳೆಸುತ್ತದೆ, ಆದ್ದರಿಂದ ಕ್ರೆಡಿಟ್. ವೆನಿಸ್ಸಿನ ವ್ಯಾಪಾರಿಗಳು ಹೀಗೆ ಎರಡು ಕಡೆ ಬರೆಯುತ್ತಿದ್ದ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ತನ್ನ ಗಣಿತದ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಕಂಡುಹಿಡಿದವನು ಅವನಲ್ಲ, ವಿವರಿಸಿ ಹರಡಿದವನು. ಕಂಪ್ಯೂಟರು ಬಂದರೂ ತಿರುಳು ಅದೇ ಉಳಿದಿದೆ.

2. ಅಕ್ಕನ ಡಬ್ಬಿ ವ್ಯಾಪಾರ

ಇನ್ನು ಎರಡನೆಯ ಪ್ರಶ್ನೆ. ನಾನು ಸಂಜೆ ಹೊತ್ತು ಒಂದು ಸಣ್ಣ ಖಾನಾವಳಿಯ ಲೆಕ್ಕ ಬರೆಯುತ್ತೇನೆ. ಅಲ್ಲಿಯ ಧಣಿಗಳು ಒಮ್ಮೆ ತಿಂಗಳ ಲೆಕ್ಕ ನೋಡಿ, "ಲಾಭ ಉಂಟು ಅಂತ ನೀನು ಬರೆದದ್ದು ಸರಿ ಮಾರಾಯ. ನಾಳೆ ಹಾಲಿನವನಿಗೆ ಕೊಡ್ಲಿಕ್ಕೆ ದುಡ್ಡು ಎಲ್ಲುಂಟು?" ಎಂದರು. ಇಡೀ ಮೊದಲ ವರ್ಷದ ಪಠ್ಯ ಆ ಒಂದು ಮಾತಿನಲ್ಲಿದೆ. ಅವರ ಲೆಕ್ಕ ಇಲ್ಲಿ ಬಿಚ್ಚಿಡುವುದು ಸರಿಯಲ್ಲ. ಬೇರೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ.

ಡೊಂಬಿವಲಿಯಲ್ಲಿ ಒಬ್ಬ ಅಕ್ಕ ಡಬ್ಬಿ ಊಟ ಶುರುಮಾಡಿದಳು ಎನ್ನಿ. ಸ್ವಂತದ್ದು 60,000 ರೂ. ಹಾಕಿದಳು. ಬ್ಯಾಂಕಿನಿಂದ ತಿಂಗಳಿಗೆ ನೂರಕ್ಕೆ 1 ರೂ. ಬಡ್ಡಿಯಂತೆ 40,000 ರೂ. ಸಾಲ ತಂದಳು. ಗ್ರೈಂಡರು, ಒಲೆ, ಪಾತ್ರೆಗಳಿಗೆ 60,000 ಕೊಟ್ಟಳು. ಅವು ಐದು ವರ್ಷ, ಅಂದರೆ 60 ತಿಂಗಳು ಬಾಳುತ್ತವೆ.

ಮೊದಲ ತಿಂಗಳು 50,000 ರೂಪಾಯಿಯ ಊಟ ಹೋಯಿತು. ಅದರಲ್ಲಿ 20,000 ನಗದು. ಮಿಕ್ಕ 30,000 ಒಂದು ಆಫೀಸಿಗೆ ಉದ್ರಿ. ಅವರು ಆಮೇಲೆ ಕೊಡುತ್ತೇವೆ ಅಂದಿದ್ದಾರೆ. 30,000 ರೂಪಾಯಿಯ ದಿನಸಿ, ತರಕಾರಿ ನಗದು ಕೊಟ್ಟು ತಂದಳು. ಕೊನೆಯ ದಿನ 5,000ದ ಸಾಮಾನು ಡಬ್ಬಗಳಲ್ಲೇ ಉಳಿದಿತ್ತು. ಸಹಾಯಕ್ಕೆ ಬರುವ ಹೆಂಗಸಿಗೆ 8,000. ಗ್ಯಾಸು, ಡಬ್ಬಿ ಸಾಗಣೆ 4,000. ಬ್ಯಾಂಕಿಗೆ ಬಡ್ಡಿ 400, ಅಸಲಿನ ಕಂತು 2,000.

ಮೊದಲು ಗಲ್ಲಾ ಎಣಿಸೋಣ. ಬಂದದ್ದು: ಸ್ವಂತದ್ದು 60,000, ಸಾಲ 40,000, ನಗದು ವ್ಯಾಪಾರ 20,000, ಒಟ್ಟು 1,20,000. ಹೋದದ್ದು: ಪಾತ್ರೆ ಪಗಡಿ 60,000, ದಿನಸಿ 30,000, ಸಂಬಳ 8,000, ಗ್ಯಾಸು ಸಾಗಣೆ 4,000, ಬಡ್ಡಿ 400, ಕಂತು 2,000, ಒಟ್ಟು 1,04,400. ಉಳಿದದ್ದು 15,600.

ಈಗ ಲಾಭ. ಇಲ್ಲಿ ಕಾಯಿದೆ ಬೇರೆ. ಊಟ ಕೊಟ್ಟ ದಿನವೇ ಆದಾಯ ಹುಟ್ಟಿತು, ದುಡ್ಡು ಯಾವಾಗ ಬಂದರೂ ಸರಿ. ಹಾಗೆಯೇ ತಂದ ಸಾಮಾನೆಲ್ಲ ಖರ್ಚಲ್ಲ, ಬೇಯಿಸಿದ್ದು ಮಾತ್ರ ಖರ್ಚು. ಗ್ರೈಂಡರಿನ ಬೆಲೆ ಒಂದೇ ತಿಂಗಳ ತಲೆಗೆ ಕಟ್ಟಬಾರದು. ಅದು ಸವೆಯುವಷ್ಟನ್ನು, ಅಂದರೆ ತಿಂಗಳಿಗೆ 1,000 ರೂ. ಸವಕಳಿಯನ್ನು, ಹಿಡಿಯಬೇಕು. ಬಡ್ಡಿ ಖರ್ಚು, ಆದರೆ ಅಸಲಿನ ಕಂತು ಖರ್ಚಲ್ಲ, ಸಾಲ ಇಳಿಯಿತು ಅಷ್ಟೇ.

ವ್ಯಾಪಾರ 50,000. ಕಳೆಯಬೇಕಾದ್ದು: ದಿನಸಿ 25,000, ಸಂಬಳ 8,000, ಗ್ಯಾಸು ಸಾಗಣೆ 4,000, ಬಡ್ಡಿ 400, ಸವಕಳಿ 1,000, ಒಟ್ಟು 38,400. ಲಾಭ 11,600.

ತಿಂಗಳ ಕೊನೆಯ ಆಸ್ತಿ-ಹೊಣೆ ಪಟ್ಟಿ ಬರೆದು ತಾಳೆ ನೋಡಿ.

ಆಸ್ತಿ: ನಗದು 15,600, ಆಫೀಸಿನಿಂದ ಬರಬೇಕಾದ್ದು 30,000, ಉಳಿದ ದಿನಸಿ 5,000, ಪಾತ್ರೆ ಪಗಡಿ 59,000. ಒಟ್ಟು 1,09,600.
ಹೊಣೆ ಮತ್ತು ಬಂಡವಾಳ: ಬ್ಯಾಂಕಿನ ಸಾಲ 38,000, ಬಂಡವಾಳ 60,000, ಲಾಭ 11,600. ಒಟ್ಟು 1,09,600.

ಒಂದು ರೂಪಾಯಿ ಆಚೀಚೆ ಇಲ್ಲ. ಅಕ್ಕನಿಗೆ ಸಂತೋಷ. ಲಾಭವೂ ಇದೆ, ಕೈಯಲ್ಲಿ ಕಾಸೂ ಇದೆ.

3. ಎರಡನೆಯ ತಿಂಗಳು

ಎರಡನೆಯ ತಿಂಗಳೂ ವ್ಯಾಪಾರ ಅಷ್ಟೇ ಆಯಿತು: 20,000 ನಗದು, 30,000 ಉದ್ರಿ. ದಿನಸಿ ಬೇಕಾದಷ್ಟೇ, 25,000ದ್ದು, ತಂದಳು. ಸಂಬಳ, ಗ್ಯಾಸು ಹಿಂದಿನಂತೆ. ಸಾಲ ಇಳಿದದ್ದರಿಂದ ಬಡ್ಡಿ 380. ಲಾಭ 11,620, ಹಿಂದಿನ ತಿಂಗಳಿಗಿಂತ 20 ರೂ. ಜಾಸ್ತಿಯೇ! ಆದರೆ ಆಫೀಸಿನವರು ಇನ್ನೂ ಹಣ ಕೊಟ್ಟಿಲ್ಲ.

ಗಲ್ಲಾ ನೋಡಿ. ಇದ್ದದ್ದು 15,600, ಬಂದದ್ದು 20,000, ಸೇರಿ 35,600. ದಿನಸಿಗೆ ಹೋಗಿ 10,600. ಸಂಬಳ ಹೋಗಿ 2,600. ಗ್ಯಾಸು ಸಾಗಣೆಗೆ 4,000 ಬೇಕು, ಇಲ್ಲ. ಬ್ಯಾಂಕಿನ ಕಂತಿನ ಹೊತ್ತಿಗೆ ಒಟ್ಟು 3,780 ರೂ. ಕಡಿಮೆ ಬೀಳುತ್ತದೆ.

ಎರಡು ತಿಂಗಳಲ್ಲಿ 23,220 ರೂ. ಲಾಭ ಮಾಡಿದ ವ್ಯಾಪಾರ ಗ್ಯಾಸು ತರಲಾರದೆ ನಿಂತಿದೆ. ಅಡಿಗೆ ಕೆಟ್ಟಿಲ್ಲ, ಗಿರಾಕಿ ಬಿಟ್ಟಿಲ್ಲ, ಯಾರೂ ಕದ್ದಿಲ್ಲ. ಲಾಭವೆಲ್ಲ ಆಫೀಸಿನ 60,000 ರೂಪಾಯಿಯ ಉದ್ರಿಯೊಳಗೆ ಕೂತಿದೆ. ಆಫೀಸಿನವರು ಮೆಚ್ಚಿಕೊಂಡು ಡಬ್ಬಿ ಇಮ್ಮಡಿ ಮಾಡಿದರೆ ಕಷ್ಟ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ದಿನಸಿಗೆ ಇಂದೇ ಕೊಡಬೇಕು, ಊಟದ ಹಣ ಯಾವಾಗಲೋ ಬರುತ್ತದೆ. ನಡುವಿನ ಈ ಕಂದಕ ತುಂಬುವ ಹಣಕ್ಕೆ ದುಡಿಯುವ ಬಂಡವಾಳ ಎಂದು ಹೆಸರು. ಪಠ್ಯದಲ್ಲಿ ಈ ಮಾತು ಒಂದು ಸೂತ್ರವಾಗಿ ಬಂದು ಹೋಗುತ್ತದೆ. ಅಕ್ಕನಿಗೆ ಅದು ನಾಳೆ ಒಲೆ ಹತ್ತುವುದೋ ಇಲ್ಲವೋ ಎಂಬ ಪ್ರಶ್ನೆ. "ಇಂದು ನಗದು, ನಾಳೆ ಉದ್ರಿ" ಎಂದು ಅಂಗಡಿಗಳಲ್ಲಿ ಹಲಗೆ ತೂಗುಹಾಕುವವರು ಬಿ.ಕಾಂ. ಓದದೆಯೇ ಇದನ್ನು ಕಂಡವರು.

4. ದಾರಿ ಏನು?

ಮೊದಲು, ಲಾಭದ ಲೆಕ್ಕದ ಜೊತೆಗೆ ಮುಂದಿನ ನಾಲ್ಕು ವಾರಗಳ ನಗದು ಪಟ್ಟಿ ಬರೆಯುವುದು: ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ. ಕಷ್ಟ ಮುಂಚೆಯೇ ಕಂಡರೆ ಆಫೀಸಿನಿಂದ ಸ್ವಲ್ಪ ಮುಂಗಡ ಕೇಳಬಹುದು, ದಿನಸಿ ಅಂಗಡಿಯವನ ಹತ್ತಿರ ಹದಿನೈದು ದಿನ ಪುರಸೊತ್ತು ಕೇಳಬಹುದು. ಕಂತು ಕಟ್ಟುವ ದಿನ ಬೆಳಿಗ್ಗೆ ಕೇಳಿದರೆ ಯಾರೂ ಕೊಡುವುದಿಲ್ಲ.

ಎರಡನೆಯದು, ಕಾನೂನು ತಿಳಿದಿರುವುದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆಯ ಪ್ರಕಾರ, ನೋಂದಾಯಿಸಿದ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಕರಾರಿನ ಅವಧಿಯೊಳಗೆ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ತಡಮಾಡಿದವರು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಗಿರಾಕಿ ಕೈತಪ್ಪೀತೆಂಬ ಹೆದರಿಕೆಯಿಂದ ಬಡ್ಡಿ ಕೇಳುವವರು ಕಡಿಮೆ ಇರಬಹುದು. ಆದರೆ 45 ದಿನದ ಮಾತನ್ನು ಮರ್ಯಾದೆಯಿಂದಲೇ ಬಿಲ್ಲಿನ ಕೆಳಗೆ ಬರೆಯುವುದಕ್ಕೆ ಅಡ್ಡಿಯಿಲ್ಲ.

ಮೂರನೆಯದು, ಅಕ್ಕ ಬೇರೆ, ಅಕ್ಕನ ವ್ಯಾಪಾರ ಬೇರೆ ಎಂದು ಲೆಕ್ಕದಲ್ಲಿ ಇಡುವುದು. ಮನೆಯ ಹಾಲು, ಮಗುವಿನ ಫೀಸು ಗಲ್ಲಾದಿಂದ ಹೋದರೆ ಅದು ವ್ಯಾಪಾರದ ಖರ್ಚಲ್ಲ, ಬಂಡವಾಳದಿಂದ ಹಿಂದೆ ತೆಗೆದದ್ದು. ತೆಗೆಯಬಾರದು ಅಂತಲ್ಲ, ಬರೆದು ತೆಗೆಯಬೇಕು. ಬರೆಯದೆ ತೆಗೆದರೆ ಕಡಿಮೆ ಬಿದ್ದದ್ದು ಉದ್ರಿಯಿಂದಲೋ ಮನೆ ಖರ್ಚಿನಿಂದಲೋ ಎಂದು ಗೊತ್ತಾಗುವುದಿಲ್ಲ.

5. ತಾಳೆಯಾದರೆ ಸಾಕೇ?

ಪರೀಕ್ಷೆಯಲ್ಲಿ ಎರಡು ಕಡೆ ಒಟ್ಟು ಸರಿಬಂದರೆ ನಾವು ನಿಟ್ಟುಸಿರು ಬಿಡುತ್ತೇವೆ. ತಾಳೆಯಾಗದ ಲೆಕ್ಕದಲ್ಲಿ ಖಂಡಿತ ತಪ್ಪಿದೆ. ತಾಳೆಯಾದ ಲೆಕ್ಕವೆಲ್ಲ ನಿಜವೆಂದು ಮಾತ್ರ ಹೇಳುವಂತಿಲ್ಲ. ಒಂದು ಸುಳ್ಳನ್ನು ಎರಡೂ ಕಡೆ ಬರೆದರೆ ಅದೂ ತಾಳೆಯಾಗುತ್ತದೆ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಇದಕ್ಕೆ ದೊಡ್ಡ ಉದಾಹರಣೆ. ಅದರ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂ. ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಪಟ್ಟಿಯೂ ತಾಳೆಯಾಗಿತ್ತು. ಅಕ್ಕನ ಲಾಭ ನಿಜ, ದುಡ್ಡು ಇನ್ನೂ ಬಂದಿರಲಿಲ್ಲ. ಅಲ್ಲಿ ಲಾಭವನ್ನೇ ಉಬ್ಬಿಸಿ, ದುಡ್ಡು ಬಂದು ಬ್ಯಾಂಕಿನಲ್ಲಿದೆ ಎಂದೂ ಬರೆದಿದ್ದರು. ಎರಡಕ್ಕೂ ಪರೀಕ್ಷೆ ಒಂದೇ: ಲಾಭ ಎಷ್ಟೆಂದು ಓದಿದ ಮೇಲೆ, ಅದು ಈಗ ಯಾವ ರೂಪದಲ್ಲಿ ಎಲ್ಲಿದೆ ಎಂದು ಹುಡುಕುವುದು. ಪುಸ್ತಕದ ಶಿಲ್ಕನ್ನು ಬ್ಯಾಂಕಿನ ಶಿಲ್ಕಿನೊಡನೆ ಹೋಲಿಸುವ ಬೇಸರದ ಪಾಠವಿದೆಯಲ್ಲ, ಅದನ್ನು ಬಿಟ್ಟು ಓದಬೇಡಿ.

6. ಓದುವ ಬಗೆ, ಮಾಡಿ ನೋಡುವ ಲೆಕ್ಕ

ನಮ್ಮಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ವ್ಯಾಖ್ಯೆಗಳನ್ನು ಉರುಹೊಡೆಯುತ್ತಾರೆ. ಪರೀಕ್ಷೆಗೆ ಅದೂ ಬೇಕು. ಆದರೆ ಮೊದಲು ಪ್ರತಿ ವ್ಯವಹಾರವನ್ನೂ ಮನೆಮಾತಿನಲ್ಲಿ ಒಂದು ವಾಕ್ಯ ಮಾಡಿ ಹೇಳಿಕೊಳ್ಳಿ: ಏನು ಬಂತು, ಎಲ್ಲಿಂದ ಬಂತು, ಯಾರಿಗೆ ಏನು ಕೊಡಬೇಕಾಯಿತು. ಅದು ಬಾಯಿಗೆ ಬಂದರೆ ಡೆಬಿಟ್ಟು ಕ್ರೆಡಿಟ್ಟು ತಾವಾಗಿ ಬರುತ್ತವೆ.

ಈಗ ಪೆನ್ಸಿಲು ಹಿಡಿದು ಅಕ್ಕನ ಎರಡನೆಯ ತಿಂಗಳಿಗೆ ಈ ಮೂರು ಬದಲಾವಣೆಗಳನ್ನು ಒಂದೊಂದಾಗಿ ಮಾಡಿ. ಮೂರಕ್ಕೂ ಆ ತಿಂಗಳ ಲಾಭ ಎಷ್ಟು, ಕೊನೆಯ ನಗದು ಎಷ್ಟು?

(ಅ) ಆಫೀಸಿನವರು ಮೊದಲ ತಿಂಗಳ 30,000 ಕೊಟ್ಟರು.
(ಆ) ಆಫೀಸಿನವರು ಕೊಡಲಿಲ್ಲ, ಆದರೆ ದಿನಸಿಯವನು 25,000ಕ್ಕೆ ಒಂದು ತಿಂಗಳು ಉದ್ರಿ ಕೊಟ್ಟ.
(ಇ) ಆಫೀಸಿನವರು 30,000 ಕೊಟ್ಟರು, ಅಕ್ಕ ಮಗಳ ಫೀಸಿಗೆ ಗಲ್ಲಾದಿಂದ 6,000 ತೆಗೆದಳು.

ಉತ್ತರ: ನಗದು ಕ್ರಮವಾಗಿ 26,220, 21,220, 20,220. ಲಾಭ ಮೂರರಲ್ಲೂ 11,620. ಲಾಭ ಯಾಕೆ ಕದಲಲಿಲ್ಲ ಎಂದು ಪಕ್ಕದಲ್ಲಿ ಕೂತ ಕಲಾ ವಿಭಾಗದ ಗೆಳೆಯನಿಗೆ ಕನ್ನಡದಲ್ಲಿ ವಿವರಿಸಿ ನೋಡಿ. ಅವನಿಗೆ ಅರ್ಥವಾದರೆ ನಿಮಗೆ ಬಂತು ಅಂತ ಲೆಕ್ಕ.